ಪರದೆಯ ಮೇಲಿನ ಹಸಿರು ಬಳೆ

ಕಂಪ್ಯೂಟರಿನ ಮಟ್ಟಿಗೆ ವಿಂಡೋ ಎಂದರೆ ನಾಲ್ಕು ಮೂಲೆಯ ಚೌಕ. ಅದನ್ನು ಗುಂಡಗೆ ಮಾಡಲು ಹೊಸದಾಗಿ ಏನನ್ನೂ ಕಟ್ಟಬೇಕಿಲ್ಲ, ಬೇಡದ್ದನ್ನು ಕತ್ತರಿಸಿ ತೆಗೆದರೆ ಆಯಿತು. ಬೇಡದವರನ್ನು ಕತ್ತರಿಸಿ ತೆಗೆಯುವ ವಿದ್ಯೆಯನ್ನು ನಮ್ಮ ಕಡೆಯವರಿಗೆ ಯಾರೂ ಕಲಿಸಬೇಕಾಗಿಲ್ಲ.

ಹುಮನಾಬಾದಿನ ಪಕ್ಕ, ಮಾಣಿಕನಗರದಲ್ಲಿ ಬಳೆ ಅಂಗಡಿ ಇಟ್ಟ ವೀರಭದ್ರಪ್ಪನವರಿಗೆ ಬಳೆಯಾಕಾರದ ವಿಂಡೋನೇ ಬೇಕಿತ್ತು. ಪರದೆಯ ತುಂಬ ಅಂಗಡಿಗೆ ಬಂದ ಮದುಮಗಳದೇ ಕೈಯ ಫೋಟೊ, ಅದರ ಮೇಲೆ ಬಳೆ, ಒತ್ತಿದರೆ ಬಣ್ಣ ಬದಲಾಗಬೇಕು. ನಾನು ಶೀತಲ್, ಬಸವಕಲ್ಯಾಣದ ಕಂಪ್ಯೂಟರ್ ಕ್ಲಾಸಿನವಳು. ಹನ್ನೆರಡು ವರ್ಷ ಕಲಿಸಿದ್ದೇ ಬಂತು, ಸ್ವಂತದ್ದೆಂದು ಮಾಡಿದ ಮೊದಲ ಕೆಲಸ ಇದು. ಗಿರಾಕಿಗಳ ಮುಂದೆ ಕೂತು ಅದು ಓಡುವುದನ್ನು ಕಣ್ಣಾರೆ ನೋಡಬೇಕೆಂಬುದೊಂದೇ ನನ್ನ ಆಸೆ.

"ಪೆನ್‌ಡ್ರೈವ್ ಕಳ್ಸಿಬಿಡ್ರಿ ಅಕ್ಕೋರ," ಎಂದರು ಫೋನಿನಲ್ಲಿ.

"ನಾನೇ ಬರ್ತೀನ್ರಿ. ನಿಮ್ಮ ಪರದೆ ಮ್ಯಾಲ ಒಮ್ಮಿ ಹಚ್ಚಿ ನೋಡಬೇಕು."

"ಬ್ಯಾಡ್ರಿ. ಲಗ್ನದ ಗಿರಾಕಿ ಬರ್ತಾವ. ತಪ್ಪು ತಿಳ್ಕೋಬ್ಯಾಡ್ರಿ, ನಾ ಏನ್ ಅಂಥವೆಲ್ಲ ನಂಬಂಗಿಲ್ಲ. ಮಂದಿ ನಂಬ್ತಾರ."

ತಿಳಿಯಿತು. ಗಂಡ ಸತ್ತವಳ ನೆರಳು ಮದುಮಗಳ ಬಳೆಯ ಮೇಲೆ ಬೀಳಬಾರದು. ಪ್ರತಿ ಬಸವ ಜಯಂತಿಗೆ ನಮ್ಮೂರಿನ ವೇದಿಕೆ ಹತ್ತಿ, ಶುಭ ಅಶುಭ ಎಲ್ಲ ಸುಳ್ಳು ಎಂದು ಗಂಟಲು ಹರಿಯುವಂತೆ ಹೇಳುವವರೂ ಇವರೇ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ. ಮೈಯೆಲ್ಲ ಉರಿದುಹೋಯಿತು. ಆದರೂ ಪೆನ್‌ಡ್ರೈವನ್ನು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದೆ.

ಎರಡು ದಿನದ ಮೇಲೆ ಮತ್ತೆ ಫೋನು.

"ಅಕ್ಕೋರ, ಬಳಿ ಹೆಚ್ಚಾಗ್ಯಾದ್ರಿ."

ಬಳೆ ಒಡೆಯಿತು ಎನ್ನಬಾರದು, ಹೆಚ್ಚಾಯಿತು ಎನ್ನಬೇಕು. ಮೂರು ವರ್ಷದ ಹಿಂದೆ ನನ್ನ ಕೈಯ ಬಳೆಗಳನ್ನು ಕುಟ್ಟಿ ತೆಗೆದಾಗ ಮಾತ್ರ ಯಾರಿಗೂ ಆ ಮಾತು ನೆನಪಾಗಲಿಲ್ಲ.

"ಎಲ್ಲಿ ಹೆಚ್ಚಾಗ್ಯಾದ್ರಿ?"

"ಕಂಪ್ಯೂಟರ್‌ನ್ಯಾಗ, ಹುಡುಗಿ ಕೈ ಮ್ಯಾಲ. ಕೆಳಗಿನ ತುಂಡೇ ಇಲ್ಲ. ಅಪಶಕುನ ಅಂತ ಬೀಗರು ಎದ್ದು ನಿಂತಾರ. ಪೂರಾ ಬಳಿ ನೋಡದೆ ಹೋಗಂಗಿಲ್ಲ ಅಂತಾರ."

ಅವರ ಹಳೆಯ ಪರದೆ ನನ್ನದಕ್ಕಿಂತ ಗಿಡ್ಡ. ಬಳೆಯ ತಳ ಪರದೆಯಾಚೆ ಇಳಿದುಹೋಗಿತ್ತು. ಒಂದು ಸಲ ಅಲ್ಲಿ ಕೂತು ನೋಡಿದ್ದರೆ ಐದು ನಿಮಿಷದಲ್ಲಿ ತಿಳಿಯುತ್ತಿತ್ತು.

"ಮ್ಯಾಲಕ್ಕ ಜಗ್ಗ್ರಿ."

"ಹಿಡಿಲಿಕ್ಕ ಪಟ್ಟೀನೇ ಇಲ್ಲಲ್ರಿ. ಮುಚ್ಚೋ ಗುರ್ತೂ ಇಲ್ಲ."

ಎಲ್ಲಿಂದ ಇರಬೇಕು? ಮೂಲೆಗಳ ಜೊತೆ ವಿಂಡೋದ ತಲೆಪಟ್ಟಿಯನ್ನೂ ಮುಚ್ಚುವ ಗುರುತನ್ನೂ ನಾನೇ ಕತ್ತರಿಸಿದ್ದೆ. ಕೀಬೋರ್ಡಿನ ಎರಡು ಗುಂಡಿ ಒತ್ತಿದರೆ ಮುಚ್ಚುತ್ತದೆಂದು ಹೇಳಬಹುದಿತ್ತು. ಹೇಳಲಿಲ್ಲ.

"ನಾನೇ ಬಂದು ನೋಡಬೇಕಾಗ್ತದ್ರಿ. ಬರಬಹುದೇನು?"

"ಬರ್ರಿ ಅಕ್ಕೋರ, ನಿಮಗ ಕೈ ಮುಗೀತೀನಿ. ಜಲ್ದಿ ಬರ್ರಿ."

ಹೋದೆ. ಪರದೆಗೆ ಹಸಿರು ಖಣದ ಬಟ್ಟೆ ಹೊದಿಸಿ, ಬೀಗರಿಗೆ ಮೂರನೆಯ ಸಲ ಚಹಾ ಕೊಡುತ್ತಿದ್ದರು. ಮದುಮಗಳು ದೀಪಾಲಿ ತನ್ನ ಕೈಯನ್ನೇ ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಳು. ಅವಳ ಅತ್ತೆಯಾಗುವವರು ನನ್ನ ಬೋಳು ಕೈ ನೋಡಿದರು, ಹಣೆ ನೋಡಿದರು, ಆಮೇಲೆ ವೀರಭದ್ರಪ್ಪನವರನ್ನು ನೋಡಿದರು.

"ಇವ್ರೇ ಮಾಡಿದವ್ರು," ಎಂದರು ವೀರಭದ್ರಪ್ಪನವರು, ಹೈದರಾಬಾದಿನಿಂದ ಎಂಜಿನಿಯರನ್ನು ಕರೆಸಿದವರ ಹಾಗೆ. "ಇವ್ರನ್ನ ಬಿಟ್ರ ಯಾರ ಕೈಲೂ ಆಗಂಗಿಲ್ರಿ."

ಖಣ ಸರಿಸಿದೆ. ಕೂರುವ ಮೊದಲು ಪರದೆಯ ಅಳತೆ ತೆಗೆದುಕೋ ಎಂದು ಬಳೆಗೆ ಹೇಳುವುದಕ್ಕೆ ಎರಡು ಸಾಲು ಕೋಡ್ ಸಾಕಾಯಿತು. ಪರದೆಯಲ್ಲಿದ್ದ ದೀಪಾಲಿಯ ಕೈಯ ಮೇಲೆ ಬಳೆ ಪೂರ್ತಿಯಾಗಿ ಬಂತು. ಅತ್ತೆ ಪರದೆ ಮುಟ್ಟಿ ಕಣ್ಣಿಗೊತ್ತಿಕೊಂಡು ನಾಲ್ಕು ಡಜನ್ ಕಟ್ಟಿಸಿದರು. ನಾನು ಅದನ್ನು ಕಣ್ಣಾರೆ ನೋಡಿದೆ.

ಹೊರಟಾಗ ವೀರಭದ್ರಪ್ಪನವರು ಹಿಂದೆಯೇ ಬಂದರು. "ಮತ್ತ ಹಿಂಗ ಆಗಂಗಿಲ್ಲಲ್ರಿ?"

"ಮಷೀನ್ರಿ ಸಾವ್ಕಾರ್ರ. ಹ್ಯಾಂಗ ಹೇಳ್ಲಿಕ್ಕ ಬರ್ತದ?"

ಅವರು ಗಲ್ಲ ಕೆರೆದುಕೊಂಡರು. "ಹಂಗಾದ್ರ ಒಂದ್ ಕೆಲಸ ಮಾಡ್ರಿ. ಲಗ್ನದ ಗಿರಾಕಿ ಬಂದಾಗೆಲ್ಲ ನೀವೇ ಮುಂದ ಕೂಡ್ರಿ."

ಈಗ ಮುಹೂರ್ತದ ದಿನಗಳಲ್ಲಿ ಅಂಗಡಿಯ ಮೊದಲ ಕುರ್ಚಿ ನನ್ನದು. ಮದುಮಕ್ಕಳು ನನ್ನ ಮುಂದೆಯೇ ಕೈ ಚಾಚುತ್ತಾರೆ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ವೀರಭದ್ರಪ್ಪನವರು ನೋಡಲು ಕಾಯುವುದೂ ನನ್ನ ಮುಖವನ್ನೇ. ಆ ಬಳೆ ಇನ್ನು ಎಂದೂ ಒಡೆಯುವುದಿಲ್ಲ ಎಂಬುದನ್ನು ನಾನು ಅವರಿಗೆ ಇನ್ನೂ ಹೇಳಿಲ್ಲ.