ತೇರಗಾಂವದ ಕಾಶೆವ್ವನಿಗೆ ಮುಂದಿನ ತಾರೀಖು

ಮೂರು ವರ್ಷದಲ್ಲಿ ನಾನು ಹಳಿಯಾಳದ ಕೋರ್ಟಿನಲ್ಲಿ ಆಡಿದ್ದು ಒಂದೇ ಮಾತು: 'ಸಮಯ ಬೇಕು ಸ್ವಾಮಿ.' ಐದು ವರ್ಷ ಹುಬ್ಬಳ್ಳಿಯಲ್ಲಿ ಕಾನೂನು ಓದಿ, ಸನ್ನದು ಪಡೆದು, ಅಣ್ಣ ಮಾನ್ವೆಲ್ ಕೊಡಿಸಿದ ಕರಿ ಕೋಟು ಹಾಕಿಕೊಂಡು ಹೇಳುವುದಕ್ಕೆ ಇದು ತೀರ ಸಣ್ಣ ಮಾತು. ಆದರೆ ಅದನ್ನು ನನ್ನಷ್ಟು ಚೆನ್ನಾಗಿ ಹೇಳುವವರು ತಾಲೂಕಿನಲ್ಲಿ ಇನ್ನೊಬ್ಬರಿಲ್ಲ. ಇದು ಜಂಬವಲ್ಲ, ಬೇಕಾದರೆ ಕೋರ್ಟಿನ ದಫ್ತರ ತೆಗೆಸಿ ನೋಡಬಹುದು.

ನನ್ನ ಸೀನಿಯರ್ ಶರಣಬಸವ ವಕೀಲರು. ಅವರಿಗೆ ಮುನ್ನೂರು ಕೇಸು, ಒಂದೇ ಗಂಟಲು. ಹೀಗಾಗಿ ದಿನಾ ಬೆಳಿಗ್ಗೆ ಇಪ್ಪತ್ತು ಫೈಲು ನನ್ನ ಕೈಗೆ ಕೊಟ್ಟು "ಮಾರ್ಥಾ, ತಾರೀಖ ತಗೊಂಡ ಬಾ" ಎನ್ನುತ್ತಿದ್ದರು. ಫೈಲು ಬಿಚ್ಚುವ ಅಗತ್ಯವಿಲ್ಲ, ಮೇಲಿನ ನಂಬರು ಓದಿದರೆ ಸಾಕು. ಕಾರಣ ಮಾತ್ರ ನಾನೇ ಹುಟ್ಟಿಸಬೇಕು. ಸಾಹೇಬರಿಗೆ ಜ್ವರ, ಸಾಹೇಬರು ಧಾರವಾಡದ ಹೈಕೋರ್ಟಿನಲ್ಲಿ, ಸಾಹೇಬರ ಕಾರು ಪಂಕ್ಚರು. ಅವರ ಅತ್ತೆಯನ್ನು ನಾನು ಎರಡು ಸಲ ಸಾಯಿಸಿದ್ದೇನೆ. ಎರಡನೇ ಸಲ ಜಡ್ಜ್ ಸಾಹೇಬರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು, ಆದರೂ ತಾರೀಖು ಕೊಟ್ಟರು. ಒಂದು ಕೇಸಿನಲ್ಲಿ ಒಬ್ಬರಿಗೆ ಮೂರು ಸಲಕ್ಕಿಂತ ಹೆಚ್ಚು ಸಮಯ ಕೊಡಬಾರದೆಂದು ಕಾನೂನಿನ ಪುಸ್ತಕದಲ್ಲಿದೆ. ಆ ಪುಸ್ತಕ ಕಪಾಟಿನಲ್ಲಿದೆ, ಕಪಾಟಿನ ಕೀಲಿಕೈ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ.

ಪಗಾರದ ಮಾತು ತೆಗೆದರೆ ಸಾಹೇಬರಿಗೆ ನಿಜವಾಗಿಯೇ ಜ್ವರ ಬರುತ್ತಿತ್ತು. "ಕಲಿಯೂ ವಯಸ್ಸಿನ್ಯಾಗ ರೊಕ್ಕದ ಮಾರಿ ನೋಡಬಾರದವಾ," ಎನ್ನುತ್ತಿದ್ದರು. ಒಂದು ದಿನ ಮೊಬೈಲಿನಲ್ಲಿ ಏನೋ ಸುದ್ದಿ ತೋರಿಸಿದರು. ನೈಜೀರಿಯಾದಲ್ಲಿ ಹೊಸ ವಕೀಲರಿಗೆ ಬಸ್ಸಿನ ಖರ್ಚೂ ಹುಟ್ಟುವುದಿಲ್ಲವಂತೆ. "ನೋಡ, ನಿಮ್ಮೂರಾಗೂ ಹಿಂಗ ಐತಿ," ಎಂದರು, ಸಮಾಧಾನ ಹೇಳುವವರ ದನಿಯಲ್ಲಿ.

"ನಮ್ಮೂರ ಗರಡೊಳ್ಳಿ ರೀ ಸರ್. ಇಲ್ಲೇ, ಹಳಿಯಾಳ ತಾಲೂಕು."

"ಹೌದಾ? ಅಲ್ಲಿ ಹೆಂಗೈತಿ?"

ನಾವು ಸಿದ್ದಿಯರು ಆಫ್ರಿಕಾದಿಂದ ಈ ಕಾಡಿಗೆ ಬಂದು ನೂರಾರು ವರ್ಷವಾಯಿತು. ಆದರೆ ನಮ್ಮ ಗುಂಗುರು ಕೂದಲು ನೋಡಿದವರ ಲೆಕ್ಕದಲ್ಲಿ ನಾವು ನಿನ್ನೆ ಸಂಜೆ ಹಡಗಿನಿಂದ ಇಳಿದವರು. ನನಗೆ ಸಿಟ್ಟು ನೆತ್ತಿಗೇರಿತು. ಆದರೂ ಆ ನೈಜೀರಿಯಾದ ಹುಡುಗ ಹುಡುಗಿಯರ ಬಗ್ಗೆ ಅಯ್ಯೋ ಅನ್ನಿಸಿತು. ಅಲ್ಲೂ ಒಬ್ಬ ಶರಣಬಸವ ಇದ್ದಾರೆಂದಾಯಿತು.

ನನ್ನ ಖೋಲಿಯ ಬಾಡಿಗೆ ಕೊಡುತ್ತಿದ್ದವನು ಅಣ್ಣ. ದಾಂಡೇಲಿಯಲ್ಲಿ ಪ್ರವಾಸಿಗರನ್ನು ರಬ್ಬರ್ ದೋಣಿಯಲ್ಲಿ ಕೂರಿಸಿಕೊಂಡು ಕಾಳಿ ನದಿಯಲ್ಲಿ ಹುಟ್ಟು ಹಾಕುವ ಕೆಲಸ ಅವನದು. ಆ ವರ್ಷ ಅವನೂ ಒಂದು ತಾರೀಖು ಹಾಕಿದ. "ನಾತಾಳ ಹಬ್ಬದ ತನಕ ನೋಡತೇನಿ. ಆಮ್ಯಾಲ ಕೋಟ ಬಿಚ್ಚಿಟ್ಟ ನಮ್ಮ ರಿಸಾರ್ಟಿಗೆ ಬಾ. ಬಂದ ಮಂದಿ ಹೆಸರ ಬರಕೊಳ್ಳೂ ಕೆಲಸ ಐತಿ. ಹನ್ನೆರಡ ಸಾವಿರ ಕೊಡ್ತಾರ, ಊಟಾನೂ ಐತಿ." ಕ್ರಿಸ್‌ಮಸ್ಸಿಗೆ ಆಗ ಮೂರು ತಿಂಗಳಿತ್ತು.

ಅಂಥ ಹೊತ್ತಿನಲ್ಲಿ ದ್ಯಾಮಪ್ಪ ಬಂದ. ತೇರಗಾಂವದ ರೈತ, ತನ್ನದೊಂದು ಹಳೆಯ ಕೇಸಿಗಾಗಿ ಕೋರ್ಟಿನ ಜಗಲಿಯಲ್ಲಿ ಕುಳಿತು ಮೂರು ವರ್ಷ ನನ್ನನ್ನೇ ನೋಡಿದವನು.

"ವಕೀಲಬಾಯಾರ, ನೀವು ಕೇಳಿದ ತಾರೀಖ ಇಲ್ಲ ಅಂದದ್ದ ನಾ ಕಂಡಿಲ್ಲ. ನನಗೂ ಒಂದ ತಾರೀಖ ಕೊಡಸ್ರಿ."

"ಯಾವ ಕೋರ್ಟಿನ್ಯಾಗ?"

"ಈಶ್ವರ ದೇವರ ಗುಡ್ಯಾಗ."

ಮಗಳು ಉಮಾಶ್ರೀಗೆ ನೌಕರಿ ಸಿಕ್ಕರೆ ಗುಡಿಗೆ ಒಂದು ಎತ್ತು ಬಿಡುತ್ತೇನೆಂದು ಅವನು ಹರಕೆ ಹೊತ್ತಿದ್ದ. ನೌಕರಿ ಸಿಕ್ಕಿತ್ತು. ಬರುವ ಸೋಮವಾರ ಎತ್ತು ಕೊಡಬೇಕು. ಹೊಲದಲ್ಲಿ ಕೆಲಸ ಬಾಕಿಯಿತ್ತು. "ಕೊಡೂದಿಲ್ಲ ಅನ್ನಾಂವ ಅಲ್ರಿ ನಾ. ಸುಗ್ಗಿ ತನಕ ತಡೀ ಅಂತ ಹೇಳಬೇಕು ಅಷ್ಟ. ನಾ ಹೇಳಿದ್ರ ದೇವರು ನೆಪಾ ಅಂತಾನ. ನೀವು ಹೇಳಿದ್ರ ಅರ್ಜಿ ಆಗ್ತೈತಿ." ಫೀ ಮುನ್ನೂರು ಎಂದ. ಅದು ನನ್ನ ಜೀವಮಾನದ ಮೊದಲ ಫೀ.

ನಾನು ಕ್ರಿಶ್ಚಿಯನ್ನಳು ಎಂದು ಗುಡಿಯ ಬಾಗಿಲಲ್ಲೇ ನಿಂತು ಹೇಳಿದೆ. ಪೂಜಾರಿ ಅಯ್ಯನವರು ಕೋಟನ್ನು ಮೇಲಿಂದ ಕೆಳಗೆ ನೋಡಿ, "ಸನ್ನದ ಇದ್ದವರು ಯಾವ ಕೋರ್ಟಿನ್ಯಾಗರ ನಿಂದರಬಹುದು, ಬರ್ರಿ," ಎಂದರು. ಆಮೇಲೆ ನೀರು ಮುಟ್ಟಿಸಿದ ಹೂವೊಂದನ್ನು ಲಿಂಗದ ನೆತ್ತಿಗೆ ಅಂಟಿಸಿದರು. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಊಹೂಂ. ನಾನು ಎರಡು ಹಾಳೆಯ ಅರ್ಜಿ ಓದಿ ಕೊನೆಗೆ 'ಸಮಯ ಬೇಕು ಸ್ವಾಮಿ' ಎಂದೆ. ಹೂವು ಬಲಕ್ಕೆ ಬಿತ್ತು. "ಮಂಜೂರ," ಎಂದು ಅಯ್ಯನವರು ಗಂಟೆ ಬಾರಿಸಿದರು.

ಸುದ್ದಿಗೆ ಕಾಲು ಬಂತು. ಮುಂಡಗೋಡದ ಟಿಬೆಟನ್ ಕಾಲೊನಿಯ ಹತ್ತಿರ ಬಟ್ಟೆ ಅಂಗಡಿ ಇಟ್ಟಿರುವ ಗಿರಿಜಾಬಾಯಿ, ತನ್ನ ಅತ್ತೆ ಬಂದು ಇರುವುದನ್ನು ಹದಿನೈದು ದಿನ ಮುಂದೂಡಿಸಬೇಕೆಂದು ಬಂದಳು. ಅತ್ತೆಯ ಅಂಗಳದಲ್ಲೇ ನಿಂತು ಅರ್ಜಿ ಓದಿದೆ. ಆಕೆ ಕೋಟು ನೋಡಿ ಹೆದರಿ ಒಂದು ತಿಂಗಳು ಕೊಟ್ಟಳು. ಜೋಯಿಡಾದ ಒಬ್ಬರು ಮಗನ ಮದುವೆಯ ತನಕ ತಮ್ಮ ತಲೆ ಬೋಳಾಗಬಾರದೆಂದು ಬಂದರು. ಅದನ್ನು ಯಾರ ಮುಂದೆ ಓದಬೇಕೋ ತಿಳಿಯದೆ ಅವರ ಮನೆಯ ಕನ್ನಡಿಯ ಮುಂದೆ ಓದಿದೆ. ಮದುವೆಯ ಫೋಟೋದಲ್ಲಿ ಕೂದಲು ಇದ್ದವು. ನವೆಂಬರಿನ ಬಾಡಿಗೆ ನಾನೇ ಕೊಟ್ಟೆ. "ಇದು ವಕೀಲಿಕಿ ಹೌದೋ ಅಲ್ಲೋ?" ಎಂದು ಅಣ್ಣ ಫೋನಿನಲ್ಲಿ ಕೇಳಿದ. ಉತ್ತರ ಕೊಡಲು ಸಮಯ ಬೇಕು ಎಂದೆ.

ಆಮೇಲೆ ಬಂದವಳು ಕಾಶೆವ್ವ. ಇವಳೂ ತೇರಗಾಂವದವಳೇ. ಎಂಬತ್ತು ದಾಟಿದ ಜೀವ, ಮಕ್ಕಳಿಲ್ಲ, ಕಣ್ಣು ಮಂಜು. ನನ್ನ ಖೋಲಿಯ ಹೊಸ್ತಿಲ ಮೇಲೆ ಕುಳಿತು ಸೆರಗಿನ ಗಂಟು ಬಿಚ್ಚಿ ಮುನ್ನೂರು ತೆಗೆದಿಟ್ಟಳು.

"ಎದಿ ಹಿಡಕೊಳ್ತೈತಿ ಯವ್ವಾ. ಕರಿಯಾಕ ಬಂದಾರ ಅನಸ್ತೈತಿ. ಹೋಗಾಕ ನನಗೇನ ಬ್ಯಾಸರಿಲ್ಲ. ಆದ್ರ ಕೋರ್ಟಿನ್ಯಾಗ ಒಂದ ಕೇಸ್ ಐತಿ, ಅದು ಮುಗೀಲಿ. ಸಂಕ್ರಾಂತಿ ತನಕ ಯಮನ ಕಡೆ ತಾರೀಖ ತಗೊಂಡ ಕೊಡು."

ಯಮನ ಮೇಲಿನ ಕೋರ್ಟು ಈಶ್ವರನದೇ ಎಂದು ಅಯ್ಯನವರು ಹೇಳಿದ್ದರಿಂದ ಅಲ್ಲಿಯೇ ಅರ್ಜಿ ಹಾಕಿದೆ. ಹೂವು ಬಲಕ್ಕೆ ಬಿತ್ತು. ಹೊರಗೆ ಬಂದು ಅವಳ ಕಾಲಿಗೆ ಚಪ್ಪಲಿ ತೊಡಿಸುತ್ತ, ಕೇಸು ಯಾಕೆ ಇಷ್ಟು ಎಳೆದಿದೆ ಎಂದು ಸುಮ್ಮನೆ ಕೇಳಿದೆ.

"ಹನ್ನೊಂದ ಸಲ ಮುಂದಕ ಹಾಕ್ಯಾರ. ಆ ಕಡೆ ವಕೀಲರಿಗೆ ಜ್ವರ ಅಂತ. ಅವರ ಅತ್ತಿ ಸತ್ತಳಂತ. ನಂಬರ ಬಾಯಿಪಾಠ ಆಗೇತಿ ನನಗ. ಎರಡ ನೂರಾ ಹದಿನೇಳು."

ಆ ನಂಬರು ನನಗೂ ಬಾಯಿಪಾಠವಾಗಿತ್ತು. ಹನ್ನೊಂದು ಸಲವೂ ಅದನ್ನು ಕೂಗಿ ತಾರೀಖು ತೆಗೆದುಕೊಂಡವಳು ನಾನೇ.  ಅದನ್ನು ಹೇಳಲಾರದೆ ಅವಳನ್ನು ಬಸ್ಸು ಹತ್ತಿಸಿದೆ.

ಮರುದಿನ ಮೊದಲ ಸಲ ಆ ಫೈಲು ಬಿಚ್ಚಿದೆ. ಕಾಶೆವ್ವನ ಹೊಲದ ಬದಿಗೆ ಒಂದು ಮಾವಿನ ಮರ. ಪಕ್ಕದ ಹೊಲದ ಜ್ಯೋತಿಬಾ ಅದು ತನ್ನದೆಂದು ಬೇಲಿ ಹಾಕಿದ. ಜ್ಯೋತಿಬಾ ನಮ್ಮ ಕಕ್ಷಿದಾರ. ಫೈಲಿನ ತಳದಲ್ಲಿ ಸರ್ವೆಯ ಹಳೆಯ ನಕಾಶೆ ಇತ್ತು. ಮರ ಕಾಶೆವ್ವನ ಗಡಿಯೊಳಗೆ ನಾಲ್ಕು ಹೆಜ್ಜೆ. ಕೇಸಿನಲ್ಲಿ ಉಳಿದಿದ್ದ ಕೆಲಸ ಒಂದೇ, ನಮ್ಮ ಕಡೆಯಿಂದ ಅವಳಿಗೆ ಪಾಟೀಸವಾಲು. ನಾಲ್ಕು ಪ್ರಶ್ನೆ ಕೇಳಿ ಕೂರುವುದು.

"ಸರ್, ಇದನ್ನ ಮುಗಿಸಿಬಿಡೂಣು," ಎಂದೆ ಸಾಹೇಬರಿಗೆ.

"ಏನ ಅವಸರ? ಮುದುಕಿಗೆ ಹಿಂದಿಲ್ಲ ಮುಂದಿಲ್ಲ. ನಾವು ಕಾದ್ರ ಕೇಸ್ ತಾನ ಮುಗಿತೈತಿ. ನೀ ತಾರೀಖ ತಗೋ."

ಕ್ರಿಸ್‌ಮಸ್ಸಿಗೆ ಹತ್ತು ದಿನವಿರುವಾಗ ಎರಡು ನೂರಾ ಹದಿನೇಳನ್ನು ಕೂಗಿದರು. ಕಾಶೆವ್ವ ಹಿಂದಿನ ಬೆಂಚಿನಲ್ಲಿದ್ದಳು. ಅವಳ ವಕೀಲ ಸಚಿನ ನನ್ನ ಕ್ಲಾಸಿನವನೇ. ವಕೀಲಿಕೆಯಲ್ಲಿ ಹೊಟ್ಟೆ ತುಂಬದೆ ಈಗ ವಿಮೆ ಪಾಲಿಸಿ ಮಾರುತ್ತಾನೆ, ತಾರೀಖಿನ ದಿನ ಮಾತ್ರ ಕೋಟು ಹಾಕಿಕೊಂಡು ಬರುತ್ತಾನೆ. ಜಡ್ಜ್ ಸಾಹೇಬರು ನಾನು ಬಾಯಿ ತೆರೆಯುವ ಮೊದಲೇ ಮುಂದಿನ ತಾರೀಖಿಗಾಗಿ ಕ್ಯಾಲೆಂಡರ್ ಎತ್ತಿಕೊಂಡಿದ್ದರು.

"ನಾವು ತಯಾರಿದ್ದೇವೆ ಸ್ವಾಮಿ," ಎಂದೆ.

ಟೈಪಿಸ್ಟರ ಬೆರಳು ನಿಂತವು. ಸಚಿನನ ಕೈಯಿಂದ ಪಾಲಿಸಿ ಫಾರ್ಮುಗಳು ಜಾರಿದವು. ಜವಾನ ಬಂದು, ಹುಷಾರಿದ್ದೀರಾ ಎಂದು ಕಿವಿಯಲ್ಲಿ ಕೇಳಿದ. ಕೊನೆಗೆ ಕಾಶೆವ್ವನನ್ನು ಕಟಕಟೆಗೆ ಕರೆತಂದರು.

ನಾನು ನನ್ನ ಕಕ್ಷಿದಾರನಿಗೆ ಮೋಸ ಮಾಡಲಿಲ್ಲ. ಕೇಳಬೇಕಾದ್ದನ್ನೇ ಕೇಳಿದೆ. ಮರ ಹಚ್ಚಿದ್ದು ಯಾರು? "ನಾನ. ತವರಮನಿಯಿಂದ ಸಸಿ ತಂದಿದ್ದೆ, ಸೆರಗಿನ್ಯಾಗ ಸುತ್ತಿಕೊಂಡು." ಅದಕ್ಕೆ ಸಾಕ್ಷಿ ಯಾರು? "ನನ್ನ ಗಂಡ ಇದ್ದ. ಹೋದ." ಹಣ್ಣು ಕೀಳುವಾಗ ಜ್ಯೋತಿಬಾ ಬರುತ್ತಿರಲಿಲ್ಲವೇ? "ಬರ್ತಿದ್ದ. ಸಣ್ಣಾಂವಿದ್ದಾಗಿಂದ ಬರ್ತಿದ್ದ. ನಾನ ಕರೀತಿದ್ದೆ." ಈಗ ಆ ಮರ ಎಲ್ಲಿದೆ?

"ಎಲ್ಲೈತಿ? ಎರಡ ಮಳಿಗಾಲದ ಹಿಂದ ಬಿತ್ತು. ಅರ್ಧ ಅಂವ ಒಯ್ದ, ಅರ್ಧ ನಾ ಒಲಿಗೆ ಹಾಕಿದೆ."

ಜಡ್ಜ್ ಸಾಹೇಬರು ಪೆನ್ನು ಕೆಳಗಿಟ್ಟರು. "ಮರವೇ ಇಲ್ಲ. ಹಾಗಾದರೆ ಈ ದಾವೆ ಯಾತಕ್ಕಮ್ಮ?"

"ಮರ ಯಾರಿಗೆ ಬೇಕಾಗೇತ್ರಿ. ಅದು ಯಾರದಿತ್ತು ಅಷ್ಟ ಹೇಳ್ರಿ. ಕೇಳಿಕೊಂಡ ಹೋಗ್ತೇನಿ."

ತೀರ್ಪು ಜನವರಿ ಹತ್ತೊಂಬತ್ತಕ್ಕೆ ಎಂದು ಜಡ್ಜ್ ಸಾಹೇಬರು ಬರೆಸಿದರು. ಸಂಕ್ರಾಂತಿ ಕಳೆದು ನಾಲ್ಕೈದು ದಿನ. ನಾನು ಮತ್ತೆ ಎದ್ದು ನಿಂತೆ. ಹಿಂದಿನ ತಾರೀಖು ಬೇಕು, ದಯವಿಟ್ಟು ಸಂಕ್ರಾಂತಿಯ ಒಳಗೆ ತೀರ್ಪು ಕೊಡಿ ಎಂದೆ. ಕಾರಣ ಕೇಳಿದರು.

"ವಾದಿಯ ಅವಧಿ ಸಂಕ್ರಾಂತಿಗೆ ಮುಗಿಯುತ್ತದೆ ಸ್ವಾಮಿ."

"ಯಾರು ಕೊಟ್ಟ ಅವಧಿ?"

"ತೇರಗಾಂವದ ಈಶ್ವರ."

ಮೂರು ವರ್ಷ ನಾನು ಹೇಳಿದ ಸುಳ್ಳೆಲ್ಲ ಮಂಜೂರಾಗಿತ್ತು. ಮೊದಲ ಸಲ ನಿಜ ಹೇಳಿದ್ದಕ್ಕೆ 'ಕಾರಣ ಸಮಂಜಸವಲ್ಲ' ಎಂದು ತಿರಸ್ಕರಿಸಿದರು.

ಮಧ್ಯಾಹ್ನ ಶರಣಬಸವ ವಕೀಲರು ನನ್ನನ್ನು ಆಫೀಸಿನಿಂದ ಹೊರಗೆ ಹಾಕಿದರು. ಹೆಚ್ಚು ಮಾತಾಡಲಿಲ್ಲ. "ನಿನಗ ಏನ ಕಲಿಸಿದ್ದೆ, ನೀ ಏನ ಮಾಡಿದಿ," ಎಂದರು, ಅಷ್ಟೇ. ಅವರು ಏನು ಕಲಿಸಿದ್ದರು ಎಂದು ನಾನೂ ಯೋಚಿಸಿದೆ. ಅಣ್ಣನಿಗೆ ಫೋನು ಮಾಡಿ ರಿಸಾರ್ಟಿನ ಆ ಕುರ್ಚಿ ಇನ್ನೂ ಖಾಲಿ ಇದೆಯೇ ಎಂದು ಕೇಳಿದೆ. ಖಾಲಿ ಇತ್ತು.  ಆಮೇಲೆ ಕಾಶೆವ್ವನನ್ನು ಕರೆದುಕೊಂಡು ತೇರಗಾಂವದ ಬಸ್ಸು ಹತ್ತಿದೆ. ಅವಧಿ ವಿಸ್ತರಣೆಗೆ ಅರ್ಜಿ ಹಾಕಲೇಬೇಕಿತ್ತು.

ಅಯ್ಯನವರು ಹೂವು ಅಂಟಿಸಿ ಕಾರಣ ಕೇಳಿದರು. ಹುಟ್ಟಿಸಿದ ಕಾರಣ ಒಂದೂ ನಾಲಿಗೆಗೆ ಬರಲಿಲ್ಲ.

"ತಪ್ಪು ನನ್ನದು ಸ್ವಾಮಿ," ಎಂದೆ ಲಿಂಗಕ್ಕೆ. "ಈಕೆಯ ಕೇಸನ್ನು ಹನ್ನೊಂದು ಸಲ ಮುಂದೂಡಿಸಿದವಳು ನಾನೇ. ಫೈಲು ಒಂದು ಸಲವೂ ಬಿಚ್ಚಿರಲಿಲ್ಲ. ಜನವರಿ ಹತ್ತೊಂಬತ್ತರ ತನಕ ಸಮಯ ಬೇಕು."

ಹೂವು ಅಲ್ಲಾಡಲಿಲ್ಲ. ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ. ಕಾಲು ಗಂಟೆ ನೋಡಿ ಅಯ್ಯನವರು, "ಆದೇಶಕ್ಕ ಇಟ್ಟಾನ ಅಂತ ಕಾಣಸ್ತೈತಿ, ತೀರ್ಪು ಆಮ್ಯಾಲ ಹೇಳತಾನ," ಎಂದು ಎಣ್ಣೆ ತರಲು ಹೋದರು.

ಕಂಬಕ್ಕೆ ಒರಗಿ ಕುಳಿತಿದ್ದ ಕಾಶೆವ್ವನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

"ನನಗ ಗೊತ್ತಿತ್ತವಾ," ಎಂದಳು. "ಮಾರಿ ಕಾಣೂದಿಲ್ಲ, ದನಿ ಕೇಳಸ್ತೈತಲ್ಲ. ಹನ್ನೊಂದ ಸಲ ಕೇಳೇನಿ. ಅದಕ್ಕ ನಿನ್ನ ಹಂತ್ಯಾಕ ಬಂದೆ. ಜಡ್ಜ್ ಸಾಹೇಬ್ರನ್ನ ಹನ್ನೊಂದ ಸಲ ಸೋಲಿಸಿದಾಕಿ ಯಮನ್ನ ಒಂದ ಸಲ ಸೋಲಸೂದಿಲ್ಲೇನು ಅಂತ."

ನನ್ನ ಕಣ್ಣು ತುಂಬಿತು. ಅವಳು ಕೈಯಿಂದ ತಡಕಿ ನನ್ನ ಕೋಟಿನ ತೋಳು ಹಿಡಿದುಕೊಂಡಳು.

"ಈಗ ನೀ ಫೈಲ್ ಓದೀದಿ. ಜನವರಿ ತನಕ ಯಾಕ? ನೀನ ಹೇಳು. ಮರ ಯಾರದಿತ್ತು?"

ಇವತ್ತು ಬೆಳಿಗ್ಗೆಯ ತನಕ ನಾನು ಎದುರು ಕಡೆಯ ವಕೀಲೆಯಾಗಿದ್ದವಳು. ಹೇಳಬಾರದು. ಆದರೆ ಮೂರು ವರ್ಷದಲ್ಲಿ ಒಬ್ಬರಾದರೂ ನನ್ನನ್ನು ಕಾನೂನಿನ ಪ್ರಶ್ನೆ ಕೇಳಿದ್ದು ಇದೇ ಮೊದಲು, ಮತ್ತು ಉತ್ತರ ನನಗೆ ಗೊತ್ತಿತ್ತು.

"ನಿಮ್ಮದ ರೀ ಅಜ್ಜಿ. ನಿಮ್ಮ ಗಡಿ ಒಳಗ ನಾಕ ಹೆಜ್ಜಿ. ನಕಾಶೆದಾಗ ಐತಿ."

"ನಾಕಾ?"

"ನಾಕ."

ಅವಳು ತಲೆಯಾಡಿಸಿದಳು. ನಾಲ್ಕು ಬೆರಳು ಮಡಚಿ ಮಡಚಿ ಎಣಿಸಿದಳು. ಆಮೇಲೆ ಕಂಬ ಹಿಡಿದು ಎದ್ದು, ಲಿಂಗದ ಕಡೆ ಕೈ ಮುಗಿದು, ನಿರಾಳವಾಗಿ ಹೇಳಿದಳು.

"ಹಂಗಾರ ಆ ಅರ್ಜಿ ಹಿಂದ ತಗೋ ಯವ್ವಾ. ನನಗಿನ್ನ ತಾರೀಖ ಬ್ಯಾಡ."

ನಾನು ಓದದೆ ಉಳಿಸಿಕೊಂಡಿದ್ದ ಅರ್ಜಿಯ ಹಾಳೆಯನ್ನು ಮಡಚಿ ಕೋಟಿನ ಒಳಜೇಬಿಗೆ ಹಾಕಿಕೊಂಡೆ. ಹೂವು ಇನ್ನೂ ಅಲ್ಲೇ ಇತ್ತು.

"ಹಿಂದ ತಗೊಳ್ಳಾಕೂ ಸಮಯ ಬೇಕ್ರಿ, ಅಜ್ಜಿ," ಎಂದೆ.