ದೊಡ್ಡಕ್ಕ ಬರೆದ ಪೂರ್ತಿ ಮಾತು

ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಳಗಿನ ಮೊದಲ ಗಂಟು ಬಿಚ್ಚುವ ಮುಂಚೆ ಎಲ್ಲರೂ ಒಮ್ಮೆ ಮೊಬೈಲಿನಲ್ಲಿ ವಾಟ್ಸ್ಯಾಪ್ ಗ್ರೂಪು ನೋಡುತ್ತಿದ್ದರು. ಕೆಲಸದವರು, ವಾರ್ಡಿನ ಆಯಾಗಳು, ಸೂಪರ್‌ವೈಸರ್ ಎಲ್ಲರೂ ಇದ್ದ ಗ್ರೂಪು ಅದು. ಶುಭೋದಯದ ಹೂವಿಗೆ ಅಲ್ಲಿ ಬರವಿರಲಿಲ್ಲ, ಓದುವವರಿಗೆ ಮಾತ್ರ ಬರ. ಇಸ್ತ್ರಿ ಮೇಜಿನವನಿಗೆ ಚಟಾಕಿ ಎಂದೇ ಹೆಸರು. ಯಾರದಾದರೂ ಮಾತಿನಿಂದ ಒಂದು ತುಂಡು ಎತ್ತಿ, ಕೆಳಗೊಂದು ತಮಾಷೆ ಸೇರಿಸಿದನೆಂದರೆ ನಗುಮುಖಗಳು ಸಾಲುಗಟ್ಟುತ್ತಿದ್ದವು. ಅವನಿಗೆ ಆ ಮುಖಗಳ ಚಟ ಹತ್ತಿತ್ತು.

ಕೊಳೆ ಬಟ್ಟೆ ವಿಂಗಡಿಸುವ ದೊಡ್ಡಕ್ಕ ಗ್ರೂಪಿನಲ್ಲಿ ಬಾಯಿ ಬಿಡುವುದೇ ಅಪರೂಪ. ಹತ್ತೊಂಬತ್ತು ವರ್ಷದಿಂದ ಅದೇ ಮೇಜು. ಆ ದಿನ ಮಾತ್ರ ಉದ್ದಕ್ಕೆ ಬರೆದಳು:

"ಇನ್ಮೇಲೆ ನಾನು ಐದನೇ ವಾರ್ಡಿನ ಬಟ್ಟೆ ಮುಟ್ಟಲ್ಲ. ಬಟ್ಟೆ ಒಳಗೆ ಸೂಜಿ ಬರ್ತಿವೆ, ನಿನ್ನೆ ನನ್ನ ಪಕ್ಕದವಳಿಗೆ ಚುಚ್ಚಿದೆ. ವಾರ್ಡಿನವರನ್ನ ಬೈತಿಲ್ಲ, ಅವರಿಗೂ ಕೈತುಂಬ ಕೆಲಸ. ನಮಗೆ ದಪ್ಪ ಗ್ಲೌಸ್ ಕೊಡಿಸಿ. ಕೊಟ್ಟ ದಿನವೇ ಉಳಿದ ಗಂಟುಗಳನ್ನೆಲ್ಲ ನಾನೇ ಮುಗಿಸ್ತೀನಿ."

ಚಟಾಕಿ ಮೊದಲ ಸಾಲನ್ನಷ್ಟೇ ಎತ್ತಿ ಹಾಕಿ, ಮಹಾರಾಣಿಯವರಿಗೆ ಇನ್ನು ಮುಂದೆ ಅತ್ತರು ಹಾಕಿದ ಬಟ್ಟೆ ಕಳಿಸಿ ಎಂದು ಬರೆದ. ಅರ್ಧ ಗಂಟೆಯಲ್ಲಿ ಇಪ್ಪತ್ತೇಳು ನಗು. ಆಮೇಲೆ ಐದನೇ ವಾರ್ಡಿನ ಆಯಾ ಒಬ್ಬಳು, ನಮ್ಮ ರೋಗಿಗಳೇನು ಮನುಷ್ಯರಲ್ಲವಾ ಎಂದು ಕೇಳಿದಳು. ನಗು ನಿಂತು ಬೈಗುಳ ಶುರುವಾಯಿತು. ಎಲ್ಲರೂ ಉತ್ತರ ಕೊಟ್ಟದ್ದು ಚಟಾಕಿ ಕಿತ್ತು ಹಾಕಿದ ಸಾಲಿಗೆ. ದೊಡ್ಡಕ್ಕ "ಮೇಲೆ ನೋಡಿ" ಎಂದು ಎರಡು ಸಲ ಬರೆದಳು. ಅದಕ್ಕೂ ಯಾರೋ ಆಕಾಶದ ಚಿತ್ರ ಹಾಕಿದರು. ಗುತ್ತಿಗೆ ಕೆಲಸ, ನೋಟೀಸಿನ ಗೊಡವೆಯಿಲ್ಲ. ಸಂಜೆಯೊಳಗೆ ಸೂಪರ್‌ವೈಸರ್ ಅವಳನ್ನು ಕೆಲಸದಿಂದ ತೆಗೆದ.

ಆ ಮೇಜಿಗೆ ಜನ ಬೇಕಿತ್ತು, ಚಟಾಕಿಯನ್ನೇ ನಿಲ್ಲಿಸಿದರು. ಮಾಡಿದ್ದುಣ್ಣೋ ಮಹಾರಾಯ. ನಾಲ್ಕನೆಯ ದಿನ ದಿಂಬಿನ ಚೀಲದೊಳಗಿನ ಸೂಜಿ ಅವನ ಹೆಬ್ಬೆರಳಿಗೆ ಇಳಿಯಿತು. ಈಗೊಮ್ಮೆ ರಕ್ತ ಪರೀಕ್ಷೆ, ಮೂರು ತಿಂಗಳ ಮೇಲೆ ಇನ್ನೊಮ್ಮೆ, ಅಲ್ಲಿಯವರೆಗೆ ಏನೂ ಹೇಳಲಾಗದು ಎಂದರು ಡಾಕ್ಟರು. ಹೊರಗಿನ ಬೆಂಚಿನಲ್ಲಿ ಕುಳಿತು, ಗ್ರೂಪಿನಲ್ಲಿ ಹಿಂದೆ ಹಿಂದೆ ಹೋಗಿ, ದೊಡ್ಡಕ್ಕನ ಮಾತನ್ನು ಅವನು ಮೊದಲ ಸಲ ಕೊನೆಯವರೆಗೆ ಓದಿದ. ಹೆದರಿಕೆಗಿಂತ ನಾಚಿಕೆ ಹೆಚ್ಚಾಯಿತು.

ಅಲ್ಲಿಂದ ನೇರ ಅವಳ ಮನೆಗೆ ಹೋದ. ತಪ್ಪಾಯಿತಕ್ಕ, ಗ್ರೂಪಿನಲ್ಲಿ ಬರೆಯುತ್ತೇನೆ, ಸೂಪರ್‌ವೈಸರ್ ಸಾಹೇಬರಿಗೂ ಹೇಳುತ್ತೇನೆ ಎಂದ.

"ತಮಾಷೆ ಮಾಡಿದ್ದಕ್ಕೆ ಬೇಜಾರಿಲ್ಲ ಬಿಡು," ಎಂದಳು ದೊಡ್ಡಕ್ಕ. "ಪೂರ್ತಿ ಓದಿ ಮಾಡಿದ್ರೆ ನಾನೂ ನಗ್ತಿದ್ದೆ."

ಒಳಗೆ ಬಾ ಎನ್ನಲಿಲ್ಲ.

ಚಟಾಕಿ ಅವಳ ಮಾತನ್ನು ಒಂದಕ್ಷರ ಬಿಡದೆ ಗ್ರೂಪಿನಲ್ಲಿ ಹಾಕಿ, ತಪ್ಪು ನನ್ನದು ಎಂದು ಬರೆದ. ಇಬ್ಬರು ಕೈ ಮುಗಿದ ಚಿತ್ರ ಹಾಕಿದರು. ಒಬ್ಬ, ಇಷ್ಟುದ್ದ ಓದುವವರು ಯಾರು, ಒಂದು ಸಾಲಿನಲ್ಲಿ ಹೇಳು ಎಂದ.

ಮರುದಿನ ಊಟದ ಹೊತ್ತಿನಲ್ಲಿ ಅವನು ಎದ್ದು ನಿಂತು ಮೊಬೈಲ್ ತೆಗೆದ. ಏನೋ ಜೋಕಿದೆ ಎಂದು ಎಲ್ಲರೂ ಮುಂಚೆಯೇ ನಕ್ಕರು. ಅವನು ದೊಡ್ಡಕ್ಕನ ಮಾತನ್ನು ಮೊದಲಿನಿಂದ ಕೊನೆಯವರೆಗೆ ಜೋರಾಗಿ ಓದಿದ. ಎರಡನೆಯ ಸಾಲಿಗೇ ನಗು ಅಡಗಿತು. ಇಷ್ಟೆಲ್ಲ ಇದ್ದರೆ ಅವಳು ಅವತ್ತೇ ಹೇಳಬೇಕಿತ್ತಲ್ಲ ಎಂದ ಸೂಪರ್‌ವೈಸರ್, ಊಟದ ಡಬ್ಬಿ ಮುಚ್ಚುತ್ತ.

"ಅವತ್ತೇ ಹೇಳಿದ್ರು ಸಾರ್," ಎಂದ ಚಟಾಕಿ. "ನಾನು ಓದದೆ ಒಂದು ಸಾಲು ಎತ್ತಿ ಹಾಕಿದೆ. ನೀವು ಆ ಒಂದೇ ಸಾಲು ನೋಡಿ ಅವರನ್ನ ಮನೆಗೆ ಕಳಿಸಿದ್ರಿ."

ಊಟದ ಹೊತ್ತು ಮುಗಿಯಿತು. ಐದನೇ ವಾರ್ಡಿನ ಗಂಟುಗಳು ಬಂದು ಬಾಗಿಲ ಬಳಿ ಬಿದ್ದಿದ್ದವು. ಗ್ಲೌಸ್ ಬರುವವರೆಗೆ ಮುಟ್ಟುವುದಿಲ್ಲ ಎಂದು ಈ ಸಲ ಯಾರೂ ಗ್ರೂಪಿನಲ್ಲಿ ಬರೆಯಲಿಲ್ಲ. ಯಾರೂ ಮುಟ್ಟಲಿಲ್ಲ, ಅಷ್ಟೆ.