ಎರಡನೇ ಡಬ್ಬಿಯ ಕೆಂಪು

ಮೊಸರಿನ ಕಾರ್ಖಾನೆಯಲ್ಲಿ ಬಣ್ಣ ಕಲೆಸುವವಳನ್ನು ಎಲ್ಲರೂ ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ‘ಕೈ ಕೆಂಪಾದರೆ ಬಾಯಿ ಮೊಸರು’ ಎಂದು ಗಾದೆಯನ್ನೇ ತಿರುಚಿ ನಗಿಸುವವಳು ಅವಳು. ಅಲ್ಲಿನ ಸ್ಟ್ರಾಬೆರಿ ಮೊಸರು ಹೆಸರಿಗಷ್ಟೇ ಸ್ಟ್ರಾಬೆರಿ. ಪರಿಮಳ ಪ್ರಯೋಗಾಲಯದ್ದು, ಬಣ್ಣ ಬೀಟ್ರೂಟಿನದು. ಬೀಟ್ರೂಟಿನ ಡಬ್ಬಿ ಖಾಲಿಯಾದರೆ ಎರಡನೇ ಡಬ್ಬಿ ತೆರೆಯುತ್ತಿದ್ದರು. ಅದರ ಕೆಂಪು, ಕಳ್ಳಿಗಿಡದ ಮೇಲೆ ಬದುಕುವ ಹುಳಗಳನ್ನು ಒಣಗಿಸಿ ಅರೆದದ್ದು. ಹುಳ ಎಂಬ ಮಾತನ್ನು ಮಾತ್ರ ಅಲ್ಲಿ ಯಾರೂ ಆಡುವಂತಿರಲಿಲ್ಲ. ಕಲೆಸುವವರ ಬಾಯಿಗೆ ಬೀಗ, ತಿನ್ನುವವರ ಬಾಯಿಗೆ ಚಮಚ! ಆ ಕೆಂಪು ಕಲೆಸಿದ ಪಾತ್ರೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರೆ ಸಾಕು, ಪ್ಯಾಕಿಂಗಿನವರು ಬೇರೆ ಚೀಟಿ ಅಂಟಿಸುತ್ತಿದ್ದರು.

ಅಂದು ಕಾರ್ಖಾನೆ ನೋಡಲು ಶಾಲೆಯ ಮಕ್ಕಳು ಬಂದಿದ್ದರು. ಅವರಲ್ಲಿ ಬಣ್ಣದಕ್ಕನ ಅಕ್ಕನ ಮಗಳು ಗುಬ್ಬಿಯೂ ಇದ್ದಳು. ಒಂಬತ್ತು ವರ್ಷದ ಆ ಹುಡುಗಿಗೆ ಹುಳದ ಕೆಂಪು ಆಗಿಬರುತ್ತಿರಲಿಲ್ಲ. ಹಿಂದೊಮ್ಮೆ ಮಿಠಾಯಿ ತಿಂದು ಗಂಟಲು ಊದಿ, ಆಸ್ಪತ್ರೆಯಲ್ಲಿ ಹೋದ ಜೀವ ಬಂದಿತ್ತು. ಆಮೇಲೆ ಹೊರಗಿನದೇನನ್ನೂ ಮುಟ್ಟದವಳು, ಚಿಕ್ಕಮ್ಮ ‘ಬೀಟ್ರೂಟು’ ಎಂದರೆ ಮಾತ್ರ ಕಣ್ಣುಮುಚ್ಚಿ ತಿನ್ನುತ್ತಿದ್ದಳು. “ನಾಳೆ ನಮ್ಮಲ್ಲಿ ಕೊಡೋ ಮೊಸರು ಬೀಟ್ರೂಟಿಂದೇ, ಧೈರ್ಯವಾಗಿ ತಿನ್ನು” ಎಂದು ಬಣ್ಣದಕ್ಕ ಹಿಂದಿನ ದಿನವೇ ಹೇಳಿದ್ದಳು.

ಬಣ್ಣದಕ್ಕ ಮೇಲಿನ ಕಿಟಕಿಯಿಂದ ಮಕ್ಕಳತ್ತ ಕೈಬೀಸಿದಳು. ಬೀಸಿದ ಕೈ ಹಾಗೇ ನಿಂತಿತು. ಬೆಳಿಗ್ಗೆ ಅರ್ಧದಲ್ಲಿ ಬೀಟ್ರೂಟು ಮುಗಿದು ಎರಡನೇ ಡಬ್ಬಿ ತೆರೆದಿದ್ದಳು. ಗೆರೆಯನ್ನೂ ಎಳೆದಿದ್ದಳು. ಆದರೆ ಅತಿಥಿಗಳು ಬರುತ್ತಾರೆಂದು ಪಾತ್ರೆಗಳನ್ನೆಲ್ಲ ಫಳಫಳ ಒರೆಸುವಾಗ ಅದನ್ನೂ ತಾನೇ ಒರೆಸಿಬಿಟ್ಟಿದ್ದಳು.

ಮೆಟ್ಟಿಲಿಳಿದು ಓಡಿದಳು. ಬಾಗಿಲಲ್ಲೇ ಮೇಲ್ವಿಚಾರಕ ಅಡ್ಡ ಬಂದ.

“ಎಲ್ಲಿಗೆ ಓಡ್ತಿದ್ದೀರಿ? ಪೇಪರಿನವರು ಬಂದಿದ್ದಾರೆ.”

“ಮೊಸರು ಹಂಚೋದು ನಿಲ್ಲಿಸಿ ಸಾರ್! ಅದು ಎರಡನೇ ಡಬ್ಬೀದು. ನಮ್ಮ ಗುಬ್ಬಿ ತಿಂದ್ರೆ ಉಳಿಯಲ್ಲ!”

“ಮೆಲ್ಲಗೆ ಮಾತಾಡಿ! ಅವಳ ಕಪ್ ನಾನೇ ಹೋಗಿ ತಗೋತೀನಿ. ಕೂಗಾಡಬೇಡಿ. ಅಡಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ.”

“ನಿಮ್ಮ ಮಾನ ಮಣ್ಣುಪಾಲಾಗ್ಲಿ!” ಎಂದು ಅವನನ್ನು ತಳ್ಳಿ ಒಳನುಗ್ಗಿದಳು. “ಯಾರೂ ತಿನ್ಬೇಡಿ! ಇದಕ್ಕೆ ಹಾಕಿರೋದು ಹುಳದ ಬಣ್ಣ!”

ಚಮಚಗಳು ನಿಂತವು. ಯಾರೋ ಥೂ ಎಂದು ಉಗಿದರು. ಗುಬ್ಬಿಯ ಕಪ್ ಆಗಲೇ ಖಾಲಿಯಾಗಿತ್ತು. ಅವಳ ತುಟಿ ದಪ್ಪಗಾಗಿ, ಉಸಿರು ಸುಂಯ್‌ಗುಡುತ್ತಿತ್ತು. ಬಣ್ಣದಕ್ಕ ಅವಳ ಚೀಲವನ್ನು ನೆಲಕ್ಕೆ ಸುರಿದು, ಆಪತ್ತಿಗೆಂದು ಡಾಕ್ಟರು ಕೊಟ್ಟಿದ್ದ ಇಂಜೆಕ್ಷನ್ ಹುಡುಕಿ ತೊಡೆಗೆ ಚುಚ್ಚಿದಳು. ಆಂಬುಲೆನ್ಸ್ ಬರುವವರೆಗೂ ಆ ಪುಟ್ಟ ಎದೆಯ ಏರಿಳಿತವನ್ನೇ ನೋಡುತ್ತ ಕೂತಳು.

ಸಂಜೆಗೆ ಉಸಿರು ಹಿಡಿತಕ್ಕೆ ಬಂತು. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಗುಬ್ಬಿಯ ಅಮ್ಮ ಕೂತಿದ್ದಳು. ಮಗು ‘ಬಾಯಾರಿಕೆ’ ಎಂದಾಗ ಬಣ್ಣದಕ್ಕ ಓಡಿಹೋಗಿ ಒಂದು ಲೋಟ ನೀರು ತಂದಳು. ಗುಬ್ಬಿ ಕೈಚಾಚಲಿಲ್ಲ. ಲೋಟದೊಳಗೆ ಇಣುಕಿ ನೋಡಿ, “ಇದಕ್ಕೆ ಏನು ಹಾಕಿದ್ದೀಯ ಚಿಕ್ಕಮ್ಮ?” ಎಂದಳು.

“ಏನೂ ಇಲ್ಲ ಕಂದ, ಬರೀ ನೀರು.”

ಹೌದಾ ಎಂದು ಕೇಳುವಂತೆ ಗುಬ್ಬಿ ಅಮ್ಮನ ಮುಖ ನೋಡಿದಳು.